ಇನ್ನೂರು ರೂಪಾಯಿಗೂ ಸೂಚ್ಯಂಕ ಅನ್ವಯವಾಗಲಿ: ಕೇಂದ್ರ ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ಸವಿನಯ ನಮಸ್ಕಾರಗಳು.

ತಾವು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದವರು. ಆ ಸಲುಗೆಯಿಂದಲೇ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಷಯ ಒಂದೇ: ಅರವತ್ತು ದಾಟಿದ ಬಡವರಿಗೆ ಕೇಂದ್ರ ಸರ್ಕಾರ ತಿಂಗಳಿಗೆ ಕೊಡುವ 200 ರೂಪಾಯಿ.

ಈ ಮೊತ್ತದ ಚರಿತ್ರೆ ತಮಗೆ ಗೊತ್ತಿರುತ್ತದೆ. ಆದರೂ ಓದುವ ಸಾರ್ವಜನಿಕರಿಗಾಗಿ ಹೇಳುತ್ತೇನೆ. 1995ರ ಆಗಸ್ಟ್ 15ರಂದು ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮ ಆರಂಭವಾದಾಗ ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ನಿಗದಿಯಾಯಿತು. ಮುಂದೆ ಅದು 200 ರೂಪಾಯಿ ಆಯಿತು. 2007ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನ ಎಂಬ ಹೆಸರಿನಲ್ಲಿ ಯೋಜನೆ ಬಡತನ ರೇಖೆಯ ಕೆಳಗಿನ ವೃದ್ಧರೆಲ್ಲರಿಗೂ ವಿಸ್ತರಣೆಯಾಯಿತು. 2011ರಲ್ಲಿ ಅರ್ಹತೆಯ ವಯಸ್ಸು 65ರಿಂದ 60ಕ್ಕೆ ಇಳಿಯಿತು, ಎಂಬತ್ತು ದಾಟಿದವರಿಗೆ 500 ರೂಪಾಯಿ ಆಯಿತು. ಅರವತ್ತರಿಂದ ಎಪ್ಪತ್ತೊಂಬತ್ತರವರೆಗಿನವರ 200 ಮಾತ್ರ 200 ಆಗಿಯೇ ಉಳಿಯಿತು. ದೆಹಲಿಯಲ್ಲಿ ಸರ್ಕಾರ ಬದಲಾಯಿತು, ಹಣಕಾಸು ಸಚಿವರು ಬದಲಾದರು, ಯೋಜನಾ ಆಯೋಗವೇ ಎದ್ದುಹೋಯಿತು. ಈ ಅಂಕಿ ಅಲ್ಲಾಡಲಿಲ್ಲ. ಆದ್ದರಿಂದ ಇದನ್ನು ಒಂದು ಪಕ್ಷದ ತಪ್ಪು ಎಂದು ಹೇಳಲು ನಾನು ಹೊರಟಿಲ್ಲ. ಯಾರೂ ಕೈಯಿಡದ ತಪ್ಪು ಇದು, ಅದಕ್ಕೇ ಇಷ್ಟು ಕಾಲ ಬಾಳಿದೆ.

ನಾನು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನವನು. ಅಂಚೆ ಇಲಾಖೆಯಲ್ಲಿ ಪೋಸ್ಟ್‌ಮನ್ ಆಗಿ ದುಡಿದು ನಿವೃತ್ತನಾದವನು. ವೃದ್ಧಾಪ್ಯ ವೇತನ ಮನಿಆರ್ಡರ್ ರೂಪದಲ್ಲಿ ಬರುತ್ತಿದ್ದ ಕಾಲದಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ನಾನೂ ಒಬ್ಬ. ಜಗಲಿಯ ಮೇಲೆ ಕುಳಿತು ಫಾರಂ ಬಿಚ್ಚಿ, ಇಂಕ್ ಪ್ಯಾಡ್ ಮುಂದಿಟ್ಟರೆ ಅಜ್ಜಿಯರು ಹೆಬ್ಬೆಟ್ಟು ಒತ್ತುತ್ತಿದ್ದರು. ಆ ಹೆಬ್ಬೆರಳುಗಳಲ್ಲಿ ಎಷ್ಟೋ ಸಲ ಗೆರೆಯೇ ಮೂಡುತ್ತಿರಲಿಲ್ಲ. ನಮ್ಮದು ಕಡಲೆಕಾಯಿ ಸೀಮೆ. ಕಾಯಿ ಕಿತ್ತು, ಸುಲಿದು, ಮಂಡಿಯಲ್ಲಿ ಬೀಜ ಆರಿಸಿ ಸವೆದ ಬೆರಳುಗಳವು. ಕಾಗದದ ಮೇಲೆ ನೀಲಿ ಮಸಿಯ ಒಂದು ಮುದ್ದೆ ಬೀಳುತ್ತಿತ್ತು, ಪಕ್ಕದಲ್ಲಿ ಯಾರಾದರೂ ಸಾಕ್ಷಿ ಸಹಿ ಹಾಕುತ್ತಿದ್ದರು, ನಾನು ನೋಟು ಎಣಿಸಿ ಕೈಯಲ್ಲಿಡುತ್ತಿದ್ದೆ. ಈಗ ಎಲ್ಲವೂ ಖಾತೆಗೆ ನೇರ ಜಮಾ. 2017ರಲ್ಲಿ ರಿಸರ್ವ್ ಬ್ಯಾಂಕ್ 200 ರೂಪಾಯಿಯ ನೋಟನ್ನೇ ಹೊರತಂದಿತು. ಕೇಂದ್ರದ ಈ ಪಿಂಚಣಿಯ ಮಟ್ಟಿಗೆ ಆದ ಸುಧಾರಣೆ ಎಂದರೆ ಬಹುಶಃ ಅದೊಂದೇ: ಎರಡು ನೋಟು ಎಣಿಸುವ ಬದಲು ಒಂದೇ ನೋಟು ಸಾಕು.

ಇನ್ನು ನನ್ನ ಪಿಂಚಣಿಯ ಮಾತು. ಅದೂ ತಮ್ಮ ಬೊಕ್ಕಸದಿಂದಲೇ ಬರುತ್ತದೆ. ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರದ ನಿವೃತ್ತ ನೌಕರನ ಕನಿಷ್ಠ ಪಿಂಚಣಿ 9,000 ರೂಪಾಯಿ. ಅದರ ಮೇಲೆ ತುಟ್ಟಿಭತ್ಯೆ ಪ್ರತಿ ಜನವರಿ ಮತ್ತು ಜುಲೈನಲ್ಲಿ ಏರುತ್ತದೆ. 2025ರ ಜುಲೈನಲ್ಲಿ ಅದು ಶೇ 58 ಆಯಿತು. ನಾನು ಅರ್ಜಿ ಹಾಕಬೇಕಾಗಿಲ್ಲ, ಯಾರ ಕಾಲೂ ಹಿಡಿಯಬೇಕಾಗಿಲ್ಲ. ಬೆಲೆ ಏರಿದೆ ಎಂದು ಸೂಚ್ಯಂಕ ಹೇಳಿತು, ದುಡ್ಡು ಬಂತು, ಅಷ್ಟೇ. ನಾನು ಎಂಬತ್ತು ವರ್ಷ ಮುಟ್ಟಿದರೆ ಮೂಲ ಪಿಂಚಣಿಗೆ ಇನ್ನೂ ಶೇ 20 ಸೇರುತ್ತದೆ. 2025ರ ಬಜೆಟ್‌ನಲ್ಲಿ ಹೊಸ ಪದ್ಧತಿಯಡಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದು ತಾವು ಘೋಷಿಸಿದ ಮೇಲೆ ನಾನು ಆದಾಯ ತೆರಿಗೆಯ ಚಿಂತೆಯನ್ನೂ ಬಿಟ್ಟಿದ್ದೇನೆ. ಹಾಗಾಗಿ ಇದು ನನ್ನ ಅಹವಾಲಲ್ಲ. ಸರ್ಕಾರ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿದೆ.

ಕೋವಿಡ್ ಕಾಲದಲ್ಲಿ ನೌಕರರ, ಪಿಂಚಣಿದಾರರ ತುಟ್ಟಿಭತ್ಯೆಯನ್ನು ಹದಿನೆಂಟು ತಿಂಗಳು ತಡೆಹಿಡಿದಿರಿ. ಆ ಬಾಕಿಯನ್ನು ಕೊಡಿ ಎಂದು ನೌಕರರ ಸಂಘಗಳು ಮನವಿಯ ಮೇಲೆ ಮನವಿ ಕೊಟ್ಟಿವೆ. ಕೊಡಲಿ, ನನಗೂ ಅದರಲ್ಲಿ ಪಾಲಿದೆ. ಆದರೆ ಹದಿನೆಂಟು ತಿಂಗಳ ತಡೆ ನಮಗೆ ಅಷ್ಟು ಉರಿಯುವುದಾದರೆ, ಹದಿನೆಂಟು ವರ್ಷ ಒಂದು ಪೈಸೆಯೂ ಏರದವರಿಗೆ ಏನಾಗಬೇಕು? ಅವರಿಗೆ ಸಂಘವಿಲ್ಲ, ಲೆಟರ್‌ಹೆಡ್ ಇಲ್ಲ, ದೆಹಲಿಗೆ ರೈಲು ಹತ್ತಿಸುವ ಮುಖಂಡರಿಲ್ಲ.

ಸರ್ಕಾರಕ್ಕೆ ಬೆಲೆ ಏರಿಕೆಯನ್ನು ಅಳೆಯುವುದು ಗೊತ್ತಿಲ್ಲವೆಂದೇನೂ ಅಲ್ಲ. ಅಳೆಯುವ ಕೋಲು ತಮ್ಮ ಸಚಿವಾಲಯದಲ್ಲೇ ಇದೆ. ಅದರ ಹೆಸರು ವೆಚ್ಚ ಹಣದುಬ್ಬರ ಸೂಚ್ಯಂಕ. ತಮ್ಮ ನೇರ ತೆರಿಗೆ ಮಂಡಳಿ ಪ್ರತಿ ವರ್ಷ ಅಧಿಸೂಚನೆ ಹೊರಡಿಸಿ ಆ ಅಂಕಿಯನ್ನು ಪ್ರಕಟಿಸುತ್ತದೆ. ಯಾರಾದರೂ ಹಳೆಯ ನಿವೇಶನವನ್ನೋ ಮನೆಯನ್ನೋ ಮಾರಿದಾಗ, ಕೊಂಡ ಕಾಲದ ಬೆಲೆಯನ್ನು ಇಂದಿನ ಬೆಲೆಗೆ ಏರಿಸಿ ಲಾಭವನ್ನು ಲೆಕ್ಕ ಹಾಕಲು ಅದು ಬೇಕು. ಅಂದಿನ ರೂಪಾಯಿಗೂ ಇಂದಿನ ರೂಪಾಯಿಗೂ ಒಂದೇ ಬೆಲೆಯಲ್ಲ, ಬರೀ ಹಣದುಬ್ಬರದಿಂದ ಹೆಚ್ಚಿದ ಮೊತ್ತವನ್ನು ಲಾಭವೆಂದು ಕರೆದು ತೆರಿಗೆ ಹಾಕುವುದು ಅನ್ಯಾಯ ಎಂಬುದು ಅದರ ಹಿಂದಿನ ನ್ಯಾಯ. ಒಪ್ಪತಕ್ಕ ನ್ಯಾಯವೇ.

2007-08ರಲ್ಲಿ ಆ ಸೂಚ್ಯಂಕ 129 ಇತ್ತು. 2025-26ಕ್ಕೆ ತಾವು ಪ್ರಕಟಿಸಿದ್ದು 376. ಇದೇ ಲೆಕ್ಕದಲ್ಲಿ ಅಂದಿನ 200 ರೂಪಾಯಿ ಇಂದು 583 ರೂಪಾಯಿ ಆಗಬೇಕು. 2012ರಲ್ಲಿ ವಿಧವೆಯರಿಗೆ, ಅಂಗವಿಕಲರಿಗೆ ನಿಗದಿಯಾದ 300 ರೂಪಾಯಿ ಇಂದು 564 ಆಗಬೇಕು. ಎಂಬತ್ತು ದಾಟಿದವರ 500 ರೂಪಾಯಿ ಸಾವಿರವನ್ನು ದಾಟಬೇಕು. ಅದೂ ಹೇಗೆ? ಈ ಸೂಚ್ಯಂಕ ಹಿಡಿಯುವುದು ಗ್ರಾಹಕ ಬೆಲೆ ಏರಿಕೆಯ ಮುಕ್ಕಾಲು ಪಾಲನ್ನು ಮಾತ್ರ. ಅಂದರೆ ನಾನು ಬಳಸುತ್ತಿರುವುದು ಸರ್ಕಾರದ ಕೈಯಲ್ಲಿರುವ ಅತ್ಯಂತ ಜಿಪುಣ ಅಳತೆ. ಅದರ ಪ್ರಕಾರವೂ ಈ ಪಿಂಚಣಿ ಮೂರನೇ ಎರಡರಷ್ಟು ಕರಗಿಹೋಗಿದೆ. ಯಾವ ಆದೇಶವನ್ನೂ ಹೊರಡಿಸದೆ, ಸಂಸತ್ತಿನಲ್ಲಿ ಯಾವ ಚರ್ಚೆಯನ್ನೂ ಎದುರಿಸದೆ ಒಂದು ಯೋಜನೆಯನ್ನು ಕಡಿತ ಮಾಡುವ ವಿಧಾನ ಇದು: ಸುಮ್ಮನಿದ್ದರೆ ಸಾಕು.

2024ರ ಜುಲೈ 23ರ ಬಜೆಟ್‌ನಲ್ಲಿ ತಾವು ಬಂಡವಾಳ ಗಳಿಕೆ ತೆರಿಗೆಯನ್ನು ಸರಳಗೊಳಿಸಲು ಹೊರಟು, ದರವನ್ನು ಶೇ 20ರಿಂದ 12.5ಕ್ಕೆ ಇಳಿಸಿ ಸೂಚ್ಯಂಕದ ಅನುಕೂಲವನ್ನು ತೆಗೆದುಹಾಕಿದಿರಿ. ಆಗ ಎದ್ದ ಗದ್ದಲ ನೆನಪಿದೆಯಲ್ಲವೇ? ತಂದೆ ಕಟ್ಟಿಸಿದ ಮನೆ, ಮೂವತ್ತು ವರ್ಷದ ಹಿಂದಿನ ಸೈಟು, ಹಣದುಬ್ಬರವನ್ನೇ ಲಾಭ ಎನ್ನುತ್ತೀರಾ ಎಂದು ಪತ್ರಿಕೆಗಳಲ್ಲಿ ಲೇಖನಗಳು, ಟಿವಿಯಲ್ಲಿ ಲೆಕ್ಕಪರಿಶೋಧಕರು. ಎರಡು ವಾರದಲ್ಲಿ ತಾವು ತಿದ್ದುಪಡಿ ತಂದಿರಿ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಜಮೀನು, ಮನೆಗಳಿಗೆ ಹಳೆಯ ಲೆಕ್ಕವನ್ನೂ ಆಯ್ದುಕೊಳ್ಳಬಹುದು ಎಂದಿರಿ. ಕೇಳಿಸಿಕೊಳ್ಳುವ ಸರ್ಕಾರ ಎಂದು ಜನ ಹೊಗಳಿದರು. ನಾನೂ ಹೊಗಳುತ್ತೇನೆ. ಸೈಟು ಮಾರುವವನ ರೂಪಾಯಿ ಹಳತಾದರೆ ಅದಕ್ಕೆ ಹದಿನೈದು ದಿನದಲ್ಲಿ ಔಷಧಿ ಸಿಕ್ಕಿತು. ಅಕ್ಕಪಕ್ಕದ ಹೊಲದಲ್ಲಿ ಕಳೆ ಕಿತ್ತು ಬದುಕಿದವಳ ರೂಪಾಯಿ ಹಳತಾದರೆ ಏಕೆ ಸಿಗುವುದಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಆ ಸೂಚ್ಯಂಕದ ಇನ್ನೊಂದು ಬಳಕೆಯನ್ನೂ ಹೇಳಬೇಕು. 2018ರ ಹಣಕಾಸು ಕಾಯ್ದೆಯಲ್ಲಿ ಸಂಸದರ ವೇತನವನ್ನು ಐದು ವರ್ಷಕ್ಕೊಮ್ಮೆ ಇದೇ ವೆಚ್ಚ ಹಣದುಬ್ಬರ ಸೂಚ್ಯಂಕಕ್ಕೆ ತಕ್ಕಂತೆ ಪರಿಷ್ಕರಿಸುವ ವ್ಯವಸ್ಥೆಯಾಯಿತು. ತಮ್ಮ ವೇತನವನ್ನು ತಾವೇ ಏರಿಸಿಕೊಳ್ಳುವ ಮುಜುಗರ ತಪ್ಪಲಿ ಎಂಬ ಉದ್ದೇಶ ಚೆನ್ನಾಗಿಯೇ ಇತ್ತು. 2025ರ ಮಾರ್ಚ್‌ನಲ್ಲಿ ಅಧಿಸೂಚನೆ ಹೊರಟು, 2023ರ ಏಪ್ರಿಲ್ 1ರಿಂದಲೇ ಅನ್ವಯವಾಗುವಂತೆ ಸಂಸದರ ತಿಂಗಳ ವೇತನ 1 ಲಕ್ಷದಿಂದ 1.24 ಲಕ್ಷಕ್ಕೆ, ಮಾಜಿ ಸಂಸದರ ಪಿಂಚಣಿ 25 ಸಾವಿರದಿಂದ 31 ಸಾವಿರಕ್ಕೆ ಏರಿತು. ಪಿಂಚಣಿಯನ್ನು ಸೂಚ್ಯಂಕಕ್ಕೆ ಕಟ್ಟುವುದು ತಾಂತ್ರಿಕವಾಗಿ ಕಷ್ಟ ಎಂದು ಯಾವ ಅಧಿಕಾರಿಯಾದರೂ ತಮಗೆ ಟಿಪ್ಪಣಿ ಕಳುಹಿಸಿದರೆ ಈ ಅಧಿಸೂಚನೆಯ ಪ್ರತಿಯನ್ನು ಅವರ ಮುಂದಿಡಬಹುದು.

ಸಂಸದರದು ಬಿಡಿ, ಕೂಲಿಯವರ ಮಾತಿಗೇ ಬರೋಣ. ಉದ್ಯೋಗ ಖಾತ್ರಿಯ ಕೂಲಿಯೂ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ತಕ್ಕಂತೆ ವರ್ಷವರ್ಷ ಏರುತ್ತಾ ಬಂತು. ಸಾಲದು ಎಂಬ ತಕರಾರು ಬೇರೆ, ಏರಿದ್ದಂತೂ ನಿಜ. 2025-26ರಲ್ಲಿ ಕರ್ನಾಟಕದಲ್ಲಿ ಅದು ದಿನಕ್ಕೆ 370 ರೂಪಾಯಿ ಇತ್ತು. ಕೆರೆಯ ಹೂಳೆತ್ತಲು ಬುಟ್ಟಿ ಹೊರುವಷ್ಟು ದಿನ ಹೆಂಗಸೊಬ್ಬಳ ಒಂದು ದಿನಕ್ಕೆ ಕೇಂದ್ರ ಸರ್ಕಾರ 370 ರೂಪಾಯಿ ಬೆಲೆ ಕಟ್ಟಿತು. ಬುಟ್ಟಿ ಹೊರಲಾಗದ ವಯಸ್ಸು ಬಂದಾಗ ಇಡೀ ತಿಂಗಳಿಗೆ 200 ಎಂದಿತು.

ಈಗ ತೆರಿಗೆಯ ಮಾತು. ಪಿಂಚಣಿ, ಪಡಿತರ, ಉಚಿತ ಬಸ್ ಎಂಬ ಸುದ್ದಿ ಬಂದಾಗಲೆಲ್ಲ "ನಮ್ಮ ತೆರಿಗೆ ಹಣದಲ್ಲಿ ಬಿಟ್ಟಿ ಭಾಗ್ಯ" ಎಂಬ ಮಾತು ಏಳುತ್ತದೆ. ನನ್ನ ಜೊತೆಯ ನಿವೃತ್ತರೂ ಬೆಳಗಿನ ವಾಕಿಂಗ್‌ನಲ್ಲಿ ಇದನ್ನೇ ಹೇಳುತ್ತಾರೆ. ಆದಾಯ ತೆರಿಗೆ ಕಟ್ಟುವವರು ಇಷ್ಟೇ ಶೇಕಡಾ, ತಿನ್ನುವವರು ಅಷ್ಟು ಕೋಟಿ ಎಂಬ ಲೆಕ್ಕ. ಆದಾಯ ತೆರಿಗೆಯೊಂದೇ ತೆರಿಗೆಯಾಗಿದ್ದರೆ ಆ ಲೆಕ್ಕ ಸರಿ. 2017ರ ಜುಲೈ 1ರ ನಂತರ ಈ ದೇಶದಲ್ಲಿ ಅಂಗಡಿ ಮೆಟ್ಟಿಲು ಹತ್ತಿದ ಪ್ರತಿಯೊಬ್ಬರೂ ತೆರಿಗೆದಾರರೇ ಎಂಬುದನ್ನು ಜಿಎಸ್‌ಟಿ ತಂದ ಸರ್ಕಾರವಾದರೂ ಮರೆಯಬಾರದು.

ನಮ್ಮ ಬೀದಿಯ ಅಜ್ಜಿಯೊಬ್ಬರು, ನಾನು ಮನಿಆರ್ಡರ್ ಕೊಡುತ್ತಿದ್ದವರಲ್ಲಿ ಒಬ್ಬರು, ಎಪ್ಪತ್ತು ದಾಟಿದವರು, ಸಂತೆಯಿಂದ ತಂದ ಚೀಲವನ್ನು ಮೊನ್ನೆ ನನ್ನ ಮುಂದೆಯೇ ಬಿಚ್ಚಿದರು. ಅಕ್ಕಿ ಪಡಿತರದ್ದು, ಅದಕ್ಕೆ ದುಡ್ಡಿಲ್ಲ. ರಾಗಿ, ಸೊಪ್ಪು, ವೀಳ್ಯದೆಲೆಗೆ ತೆರಿಗೆ ಇಲ್ಲ. ಉಳಿದದ್ದರಲ್ಲಿ ಸಕ್ಕರೆ, ಚಹಾಪುಡಿ, ಅಡುಗೆ ಎಣ್ಣೆ, ಅಡಕೆ, ಬೆಂಕಿಪೊಟ್ಟಣ, ಹಲ್ಲುಪುಡಿ, ಸೋಪು, ಮೊಣಕಾಲಿಗೆ ಹಚ್ಚುವ ಮುಲಾಮು. ಒಂದೊಂದರಲ್ಲೂ ತೆರಿಗೆ ಕೂತಿದೆ. 2025ರ ಸೆಪ್ಟೆಂಬರ್ 22ರಿಂದ ಸೋಪು, ತಲೆಗೆ ಹಚ್ಚುವ ಎಣ್ಣೆಗಳ ಮೇಲಿನ ದರವನ್ನು ಶೇ 18ರಿಂದ 5ಕ್ಕೆ ಇಳಿಸಿದ್ದೀರಿ. ಅದು ಒಳ್ಳೆಯ ಕೆಲಸ, ಆ ಚೀಲದಲ್ಲಿ ಅದರ ಪರಿಣಾಮ ಕಾಣುತ್ತದೆ. ಆದರೆ ಇನ್ನೊಂದು ವಸ್ತು ಚೀಲದಲ್ಲಿರಲಿಲ್ಲ, ಸೆರಗಿನ ಗಂಟಿನಲ್ಲಿತ್ತು: ಮೊಬೈಲ್.

ಅಜ್ಜಿಗೆ ಮೊಬೈಲ್ ಶೋಕಿಯಲ್ಲ. ಪಿಂಚಣಿ ಜಮಾ ಆಯಿತೇ ಎಂಬ ಸಂದೇಶ ಅದಕ್ಕೇ ಬರಬೇಕು. ಒಟಿಪಿ ಅದಕ್ಕೇ ಬರಬೇಕು. ಆಧಾರ್‌ಗೆ ಜೋಡಿಸಿದ ನಂಬರು ಸತ್ತರೆ ಕಚೇರಿಯಿಂದ ಕಚೇರಿಗೆ ಅಲೆದಾಟ. ಖಾಸಗಿ ಕಂಪನಿಗಳ ಅಗ್ಗದ ಇಪ್ಪತ್ತೆಂಟು ದಿನದ ರೀಚಾರ್ಜ್ ಈಗ 199 ರೂಪಾಯಿಯ ಆಸುಪಾಸಿನಲ್ಲಿದೆ. ಕೇಂದ್ರದ ಒಂದು ತಿಂಗಳ ಪಿಂಚಣಿ ಎಂದರೆ ಸರಿಯಾಗಿ ಒಂದು ರೀಚಾರ್ಜ್. ಅದರಲ್ಲಿ ಶೇ 18ರ ಜಿಎಸ್‌ಟಿ ಸುಮಾರು 30 ರೂಪಾಯಿ. ಇಪ್ಪತ್ತೆಂಟು ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ ಹದಿಮೂರು ಸಲ. ಹತ್ತಿರಹತ್ತಿರ 400 ರೂಪಾಯಿ ತೆರಿಗೆ. ಕೇಂದ್ರ ವರ್ಷವಿಡೀ ಕೊಡುವ 2,400ರಲ್ಲಿ ಎರಡು ತಿಂಗಳಷ್ಟು, ಪಿಂಚಣಿ ಬಂದಿದೆಯೇ ಎಂದು ತಿಳಿದುಕೊಳ್ಳುವ ಖರ್ಚಿನ ಮೇಲಿನ ತೆರಿಗೆಯಾಗಿಯೇ ಮರಳಿ ಬೊಕ್ಕಸಕ್ಕೆ ಹೋಗುತ್ತದೆ. ಅದರಲ್ಲಿ ಅರ್ಧ ರಾಜ್ಯದ ಪಾಲು ಎಂದು ತಾವು ಹೇಳಬಹುದು, ನಿಜ. ಅಜ್ಜಿಯ ಸೆರಗಿನಿಂದ ಹೋಗುವಾಗ ಅದು ಇಡಿಯಾಗಿಯೇ ಹೋಗುತ್ತದೆ.

ಸದಾಶಿವನಗರದ ಬಂಗಲೆಯಲ್ಲಿರುವವರೂ ಅದೇ ರೀಚಾರ್ಜ್‌ಗೆ ಅದೇ 30 ರೂಪಾಯಿ ಕೊಡುತ್ತಾರೆ. ಜಿಎಸ್‌ಟಿಯ ಸ್ವಭಾವವೇ ಅದು, ಕೊಳ್ಳುವವರ ಮುಖ ನೋಡುವುದಿಲ್ಲ. ಮುಖ ನೋಡಿ ಹಾಕುವ ತೆರಿಗೆಗಳನ್ನು ನಾವು ಒಂದೊಂದಾಗಿ ಕೈಬಿಡುತ್ತಾ ಬಂದೆವು. ಪಿತ್ರಾರ್ಜಿತ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ 1985ರಲ್ಲಿ ಹೋಯಿತು. ಸಂಪತ್ತಿನ ತೆರಿಗೆ 2015ರಲ್ಲಿ ಹೋಯಿತು. ವಸೂಲಿಗಿಂತ ವಸೂಲಿಯ ತಾಪತ್ರಯವೇ ಹೆಚ್ಚು ಎಂಬ ಕಾರಣ ಕೊಡಲಾಯಿತು, ಅದರಲ್ಲಿ ಸತ್ಯವೂ ಇರಬಹುದು. ಅದರ ಚರ್ಚೆ ಇನ್ನೊಂದು ಪತ್ರಕ್ಕಾಗುವಷ್ಟಿದೆ.

ಮಧ್ಯಮ ವರ್ಗದ ತೆರಿಗೆ ಮಿತಿಯನ್ನು ಮಾತ್ರ ಇಲ್ಲಿ ಹೋಲಿಸಲೇಬೇಕು. 2007-08ರಲ್ಲಿ ಸಾಮಾನ್ಯ ಪುರುಷ ತೆರಿಗೆದಾರರಿಗೆ 1.10 ಲಕ್ಷದವರೆಗೆ ವಿನಾಯಿತಿ ಇತ್ತು. ಇಂದು 12 ಲಕ್ಷದವರೆಗೆ ತೆರಿಗೆ ಇಲ್ಲ. ಹೆಚ್ಚುಕಡಿಮೆ ಹನ್ನೊಂದು ಪಟ್ಟು. ಬೆಲೆ ಏರಿದೆ, ಸಂಸಾರ ನಡೆಸುವುದು ಕಷ್ಟವಾಗಿದೆ, ಕೈಯಲ್ಲಿ ನಾಲ್ಕು ಕಾಸು ಉಳಿದರೆ ಖರ್ಚು ಮಾಡುತ್ತಾರೆ, ಅದರಿಂದ ಆರ್ಥಿಕತೆಗೂ ಚೇತರಿಕೆ ಎಂಬ ವಾದ ಕೇಳಿದ್ದೇವೆ. ಈ ವಾದದ ಒಂದೊಂದು ಮಾತೂ ಪಿಂಚಣಿಯ ಅಜ್ಜಿಗೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಆಕೆಯ ಕೈಗೆ ಬಂದ ರೂಪಾಯಿ ಮ್ಯೂಚುವಲ್ ಫಂಡ್‌ಗೆ ಹೋಗುವುದಿಲ್ಲ, ಸಿಂಗಪುರಕ್ಕೆ ಹೋಗುವುದಿಲ್ಲ. ಅದೇ ವಾರ ಅದೇ ಸಂತೆಯಲ್ಲಿ ಖರ್ಚಾಗುತ್ತದೆ.

ಇದಕ್ಕೆ ಬರುವ ಉತ್ತರಗಳೂ ನನಗೆ ಗೊತ್ತಿವೆ. ಮೊದಲನೆಯದು, ಕೇಂದ್ರದ್ದು ಬರೀ ಕೊಡುಗೆ, ರಾಜ್ಯಗಳು ತಮ್ಮ ಪಾಲು ಸೇರಿಸಬೇಕು ಎಂಬುದು. ಸೇರಿಸುತ್ತಿವೆ. ಕರ್ನಾಟಕದಲ್ಲಿ 65 ದಾಟಿದವರಿಗೆ ಒಟ್ಟು 1,200 ರೂಪಾಯಿ ಸಿಗುತ್ತದೆ. ಆದರೆ ರಾಜ್ಯದ ಮೇಲೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನೋಡಲು ನಮ್ಮ ತಾಲ್ಲೂಕಿಗೇ ಬರಬಹುದು. ಪರಶುರಾಂಪುರದ ಕಡೆಯಿಂದ ಸ್ವಲ್ಪ ದೂರ ಹೋದರೆ ಆಂಧ್ರದ ಗಡಿ. ಮಣ್ಣು ಅದೇ, ಬೆಳೆ ಅದೇ ಕಡಲೆಕಾಯಿ, ಬರಗಾಲವೂ ಅದೇ. ಗಡಿಯ ಈಚೆಗೂ ಆಚೆಗೂ ಹೆಣ್ಣು ಕೊಟ್ಟು ತಂದ ಸಂಬಂಧಗಳಿವೆ. ಆಂಧ್ರ ಸರ್ಕಾರ 2024ರಿಂದ ವೃದ್ಧರಿಗೆ ತಿಂಗಳಿಗೆ 4,000 ರೂಪಾಯಿ ಕೊಡುತ್ತಿದೆ. ಹಾಗಾಗಿ ಆಚೆ ಊರಿಗೆ ಮದುವೆಯಾಗಿ ಹೋದ ಅಕ್ಕನಿಗೆ 4,000, ಈಚೆ ಉಳಿದ ತಂಗಿಗೆ 1,200. ಆಂಧ್ರದ ಬೊಕ್ಕಸ ಅದನ್ನು ಎಷ್ಟು ಕಾಲ ತಾಳುತ್ತದೋ, ಆ ರಾಜ್ಯದ ಚಿಂತೆ. ನಾನು ಹೇಳುವುದು ಇಷ್ಟೇ: ಮುಪ್ಪಿನ ಊಟ ಹುಟ್ಟಿದ ಊರು ಯಾವ ರಾಜ್ಯಕ್ಕೆ ಸೇರಿದೆ ಎಂಬುದರ ಮೇಲೆ ನಿಲ್ಲಬಾರದು ಎಂದೇ ಅಲ್ಲವೇ ರಾಷ್ಟ್ರೀಯ ಎಂಬ ಹೆಸರಿನ ಕಾರ್ಯಕ್ರಮವೊಂದನ್ನು ಮಾಡಿದ್ದು? ಕೇಂದ್ರದ ತಳಪಾಯ ಗಟ್ಟಿಯಿದ್ದರೆ ಅದರ ಮೇಲೆ ರಾಜ್ಯಗಳು ತಮ್ಮ ಶಕ್ತ್ಯನುಸಾರ ಕಟ್ಟಲಿ. ಸಂವಿಧಾನದ 41ನೇ ವಿಧಿ ವೃದ್ಧಾಪ್ಯದಲ್ಲಿ ಸಾರ್ವಜನಿಕ ನೆರವಿನ ಮಾತಾಡುವಾಗ ಅದರ ಹೊಣೆಯನ್ನು ರಾಜ್ಯಗಳಿಗೆ ಮಾತ್ರ ಹೊರಿಸಿಲ್ಲ.

ಎರಡನೆಯದು, ಅಟಲ್ ಪಿಂಚಣಿ ಯೋಜನೆ, ಶ್ರಮಯೋಗಿ ಮಾನ್‌ಧನ್ ಇವೆಯಲ್ಲ, ಕಟ್ಟಲಿ, ಪಡೆಯಲಿ ಎಂಬುದು. ಈ ಎರಡಕ್ಕೂ ಸೇರಲು ವಯಸ್ಸು 18ರಿಂದ 40. ಇಂದು ಎಪ್ಪತ್ತರಲ್ಲಿರುವವರಿಗೆ ಅವುಗಳಿಂದ ಏನೂ ಸಿಗುವುದಿಲ್ಲ. ಇನ್ನು ಇಪ್ಪತ್ತೈದರ ಹುಡುಗ ಇಂದು ಸೇರಿದರೂ ಅರವತ್ತಕ್ಕೆ ಸಿಗುವ ಖಾತ್ರಿ ಮೊತ್ತ ಇಂದೇ ನಿಗದಿಯಾಗಿದೆ: ಒಂದರಲ್ಲಿ 1,000ದಿಂದ 5,000, ಇನ್ನೊಂದರಲ್ಲಿ 3,000. ಮೂವತ್ತೈದು ವರ್ಷದ ನಂತರ ಆ ಸಾವಿರಕ್ಕೆ ಏನು ಬರುತ್ತದೆ ಎಂದು ಹೇಳಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. 200 ರೂಪಾಯಿಯ ಕತೆಯನ್ನೇ ಇಲ್ಲೂ ಮುಂಗಡವಾಗಿ ಬರೆದಿಟ್ಟಂತಿದೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದುಡಿದು ಭವಿಷ್ಯ ನಿಧಿಗೆ ಕಟ್ಟಿದವರಿಗೂ 2014ರಲ್ಲಿ ನಿಗದಿಯಾದ ಕನಿಷ್ಠ ಪಿಂಚಣಿ 1,000 ರೂಪಾಯಿ. ಅಲ್ಲೂ ಸೂಚ್ಯಂಕ ಇಲ್ಲ.

ಮೂರನೆಯದು, ಅನರ್ಹರು ಸೇರಿಕೊಂಡಿದ್ದಾರೆ, ಸತ್ತವರ ಹೆಸರಲ್ಲಿ ದುಡ್ಡು ಹೋಗುತ್ತದೆ ಎಂಬುದು. ಹೋಗುತ್ತಿದ್ದುದು ಸುಳ್ಳಲ್ಲ. ಅಂಚೆಯವನಾಗಿ ನನಗೂ ಅದು ಗೊತ್ತು. ಈಗ ಆಧಾರ್ ಜೋಡಣೆಯ ನಂತರ ಉಲ್ಟಾ ತೊಂದರೆಯೇ ಹೆಚ್ಚು ಕಾಣುತ್ತಿದೆ: ಬದುಕಿರುವವರು ಬದುಕಿದ್ದೇವೆಂದು ಸಾಬೀತು ಮಾಡಬೇಕು. ಹೆಸರಿನ ಒಂದಕ್ಷರ ಪಡಿತರ ಚೀಟಿಯಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ ಇದ್ದರೆ ತಿಂಗಳುಗಟ್ಟಲೆ ನಿಂತುಹೋಗುತ್ತದೆ. ಯಂತ್ರದ ಗಾಜಿನ ಮೇಲೂ ಆ ಬೆರಳುಗಳ ಗೆರೆ ಮೂಡುವುದಿಲ್ಲ. ಇಂಕ್ ಪ್ಯಾಡ್ ಕಾಲದಲ್ಲಿ ಸಾಕ್ಷಿ ಹಾಕುವ ಮನುಷ್ಯನಾದರೂ ಇದ್ದ. ಇರಲಿ, ಜರಡಿ ಹಿಡಿಯಿರಿ, ಅನರ್ಹರನ್ನು ತೆಗೆಯಿರಿ. ಆದರೆ ಅರ್ಹರೆಂದು ತಾವೇ ಒಪ್ಪಿ ಪಟ್ಟಿಯಲ್ಲಿ ಇಟ್ಟುಕೊಂಡವರಿಗೆ ಕೊಡುವ ಮೊತ್ತ 2007ರದ್ದೇ ಏಕಾಗಿರಬೇಕು ಎಂಬುದಕ್ಕೆ ಅದು ಉತ್ತರವಲ್ಲ. ಪಟ್ಟಿಯ ಉದ್ದವನ್ನೂ ಹೀಗೇ ಹಿಡಿದಿಡಲಾಗಿದೆ. 2001ರ ಜನಗಣತಿಯ ಜನಸಂಖ್ಯೆಯ ಆಧಾರದ ಮೇಲೆ ಗೊತ್ತು ಮಾಡಿದ ಮಿತಿಯೇ ಇನ್ನೂ ನಡೆಯುತ್ತಿದೆ. ಅಂದು ನಲವತ್ತರ ಆಸುಪಾಸಿನಲ್ಲಿದ್ದವರು ಇಂದು ಪಿಂಚಣಿಯ ವಯಸ್ಸಿಗೆ ಬಂದಿದ್ದಾರೆ.

ಕೊನೆಯದು ದುಡ್ಡು ಎಲ್ಲಿಂದ ಎಂಬ ಪ್ರಶ್ನೆ. ಇದು ಮಾತ್ರ ಗಂಭೀರ ಪ್ರಶ್ನೆ, ಹಣಕಾಸು ಸಚಿವರು ಕೇಳಲೇಬೇಕಾದದ್ದು. ವೃದ್ಧಾಪ್ಯ, ವಿಧವಾ, ಅಂಗವಿಕಲ ವೇತನಗಳೆಲ್ಲ ಸೇರಿ ಈ ಇಡೀ ಕಾರ್ಯಕ್ರಮಕ್ಕೆ 2025-26ರ ಬಜೆಟ್‌ನಲ್ಲಿ ತಾವು ಇಟ್ಟದ್ದು 9,652 ಕೋಟಿ ರೂಪಾಯಿ. ಆ ವರ್ಷದ ಒಟ್ಟು ಬಜೆಟ್ 50 ಲಕ್ಷ ಕೋಟಿಗಿಂತ ಹೆಚ್ಚು. ವೃದ್ಧಾಪ್ಯ ವೇತನದ ಫಲಾನುಭವಿಗಳು ದೇಶದಲ್ಲಿ ಸುಮಾರು 2.2 ಕೋಟಿ. ಇವರಿಗೆ 200ರ ಬದಲು 600 ಕೊಟ್ಟರೆ ವರ್ಷಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 10,600 ಕೋಟಿ. 12 ಲಕ್ಷದ ಆದಾಯ ತೆರಿಗೆ ರಿಯಾಯಿತಿಯಿಂದ ಬೊಕ್ಕಸ ಬಿಟ್ಟುಕೊಡುವ ಮೊತ್ತ ಸುಮಾರು 1 ಲಕ್ಷ ಕೋಟಿ ಎಂದು ಬಜೆಟ್ ಭಾಷಣದಲ್ಲಿ ತಾವೇ ಹೇಳಿದ್ದೀರಿ. 2019ರ ಸೆಪ್ಟೆಂಬರ್ 20ರಂದು ಕಂಪನಿಗಳ ತೆರಿಗೆಯನ್ನು ಶೇ 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಎಂದು ಹೇಳಿದವರೂ ತಾವೇ. ಆ ತೀರ್ಮಾನಗಳು ತಪ್ಪು ಎಂದು ವಾದಿಸಲು ಈ ಪತ್ರದಲ್ಲಿ ಜಾಗವಿಲ್ಲ. ಲಕ್ಷ ಕೋಟಿಗಳನ್ನು ಬಿಟ್ಟುಕೊಡಲು ಸಾಧ್ಯವಾದ ಬೊಕ್ಕಸಕ್ಕೆ ಅದರ ಹತ್ತನೇ ಒಂದು ಪಾಲನ್ನು ಕೊಡಲು ಶಕ್ತಿಯಿಲ್ಲ ಎಂಬ ಮಾತನ್ನು ಮಾತ್ರ ನಾನು ನಂಬಲಾರೆ. ಕೋವಿಡ್‌ನ ಬಿಗಿ ಕಾಲದಲ್ಲೇ, 2020ರಲ್ಲಿ, ಇದೇ ಪಿಂಚಣಿದಾರರಿಗೆ ಎರಡು ಕಂತಿನಲ್ಲಿ 1,000 ರೂಪಾಯಿ ಹೆಚ್ಚುವರಿಯಾಗಿ ಕೊಟ್ಟಿರಿ. ಮನಸ್ಸು ಮಾಡಿದರೆ ವಾರಗಳಲ್ಲಿ ತಲುಪಿಸುವ ವ್ಯವಸ್ಥೆ ತಮ್ಮ ಬಳಿ ಇದೆ.

ಈ ಬೇಡಿಕೆ ಹೊಸದಲ್ಲ ಎಂಬುದೂ ಗೊತ್ತು. ಜ್ಯಾಂ ಡ್ರೆಜ್ ಮೊದಲಾದ ಅರ್ಥಶಾಸ್ತ್ರಜ್ಞರು 2017ರಲ್ಲಿ ಅಂದಿನ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರಿಗೆ ಬರೆದರು. 2022ರ ಡಿಸೆಂಬರ್‌ನಲ್ಲಿ 51 ಮಂದಿ ಅರ್ಥಶಾಸ್ತ್ರಜ್ಞರು ತಮಗೇ ಬರೆದರು. 2018ರಲ್ಲಿ ಸುಪ್ರೀಂ ಕೋರ್ಟ್ ವೃದ್ಧರ ಕುರಿತ ಪ್ರಕರಣವೊಂದರಲ್ಲಿ ಈ ಪಿಂಚಣಿ ಯೋಜನೆಗಳು ಹಳತಾಗಿವೆ, ಮರುಪರಿಶೀಲಿಸಿ ಎಂದಿತು. ಗ್ರಾಮೀಣಾಭಿವೃದ್ಧಿಯ ಸಂಸದೀಯ ಸ್ಥಾಯಿ ಸಮಿತಿ, ಅದರಲ್ಲಿ ತಮ್ಮ ಪಕ್ಷದವರೂ ಇದ್ದಾರೆ, ಮೊತ್ತ ಹೆಚ್ಚಿಸಿ ಎಂದು ಮತ್ತೆ ಮತ್ತೆ ಶಿಫಾರಸು ಮಾಡಿದೆ. ಅಷ್ಟು ದೊಡ್ಡವರ ಮಾತು ನಡೆಯದಿದ್ದಲ್ಲಿ ಪೋಸ್ಟ್‌ಮನ್‌ನ ಪತ್ರದಿಂದ ಏನಾದೀತು ಎಂದು ಮನೆಯಲ್ಲಿ ಕೇಳಿದರು. ಅವರೆಲ್ಲ ಮೊತ್ತ ಕೇಳಿದರು, ನಾನು ಮೊತ್ತಕ್ಕಿಂತ ಹೆಚ್ಚಾಗಿ ನಿಯಮ ಕೇಳುತ್ತಿದ್ದೇನೆ. 500 ಮಾಡಿ ಮತ್ತೆ ಹದಿನೆಂಟು ವರ್ಷ ಮರೆತರೆ ಪ್ರಯೋಜನವಿಲ್ಲ.

ಆದ್ದರಿಂದ ಬೇಡಿಕೆಯನ್ನು ಸ್ಪಷ್ಟವಾಗಿ ಬರೆಯುತ್ತೇನೆ. ವೃದ್ಧಾಪ್ಯ, ವಿಧವಾ ಮತ್ತು ಅಂಗವಿಕಲ ವೇತನಗಳನ್ನು ಅವು ನಿಗದಿಯಾದ ವರ್ಷದಿಂದ ಲೆಕ್ಕ ಹಾಕಿ ವೆಚ್ಚ ಹಣದುಬ್ಬರ ಸೂಚ್ಯಂಕಕ್ಕೆ ಸರಿಹೊಂದಿಸಿ. ನೇರ ತೆರಿಗೆ ಮಂಡಳಿ ಹೊಸ ಸೂಚ್ಯಂಕ ಪ್ರಕಟಿಸಿದ ದಿನವೇ ಪಿಂಚಣಿಯ ಹೊಸ ಮೊತ್ತವೂ ತಾನಾಗಿಯೇ ಜಾರಿಗೆ ಬರುವಂತೆ ಹಣಕಾಸು ಮಸೂದೆಯಲ್ಲೇ ಬರೆಯಿರಿ. ಸಂಸದರಿಗೆ 2018ರಲ್ಲಿ ಅಂಥದ್ದೇ ನಿಯಮ ಬರೆಯಲಾಗಿದೆ, ಕರಡು ಸಿದ್ಧವಿದೆ, ಹೆಸರು ಬದಲಿಸಿದರೆ ಸಾಕು. ಇದು ಗ್ರಾಮೀಣಾಭಿವೃದ್ಧಿ ಸಚಿವಾಲಯದ ಯೋಜನೆ, ಅಲ್ಲಿಗೆ ಬರೆಯಿರಿ ಎಂದು ಈ ಪತ್ರವನ್ನು ದಯವಿಟ್ಟು ಅತ್ತ ತಳ್ಳಬೇಡಿ. ವಿಳಾಸ ತಪ್ಪಿದ ಪತ್ರಗಳ ಗತಿ ಏನಾಗುತ್ತದೆ ಎಂಬುದನ್ನು ನಾನು ವೃತ್ತಿಯಲ್ಲೇ ಕಂಡವನು. ಸೂಚ್ಯಂಕ ತಮ್ಮದು, ಬೊಕ್ಕಸ ತಮ್ಮದು, ಹಣಕಾಸು ಮಸೂದೆ ತಮ್ಮದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪೋಸ್ಟ್‌ಮನ್, ಚಳ್ಳಕೆರೆ ತಾಲ್ಲೂಕು

ಪ್ರತಿ: ಕರ್ನಾಟಕದ ಮುಖ್ಯಮಂತ್ರಿಯವರಿಗೆ. ಮಾನ್ಯರೇ, ದೆಹಲಿಗೆ ಬರೆದಿದ್ದಾನೆ ಎಂದು ತಾವು ನಿರಾಳವಾಗಬಾರದು. ನಮ್ಮ 1,200 ರೂಪಾಯಿ ನಿಗದಿಯಾದದ್ದು 2021ರಲ್ಲಿ, ವಿಧವಾ ವೇತನದ 800 ರೂಪಾಯಿಯೂ ಅದೇ ವರ್ಷದ್ದು. 2025ರ ಮಾರ್ಚ್‌ನಲ್ಲಿ ವಿಧಾನಸಭೆ ಗದ್ದಲದ ನಡುವೆಯೇ ಶಾಸಕರ ವೇತನವನ್ನು 40 ಸಾವಿರದಿಂದ 80 ಸಾವಿರಕ್ಕೆ ಏರಿಸಿತು. ಇಮ್ಮಡಿ ಮಾಡಿ ಎಂದು ನಾನು ಕೇಳುತ್ತಿಲ್ಲ. ಮೇಲೆ ಹೇಳಿದ ಜಿಪುಣ ಸೂಚ್ಯಂಕವನ್ನೇ ಹಿಡಿದರೂ 1,200 ಇಂದಿಗೆ 1,423 ಆಗುತ್ತದೆ, 800 ಸುಮಾರು 950 ಆಗುತ್ತದೆ. ಮುಂದಿನ ರಾಜ್ಯ ಬಜೆಟ್‌ನಲ್ಲಿ ಈ ಎರಡು ಅಂಕಿಗಳನ್ನು ಹುಡುಕುತ್ತೇನೆ.